ಕಣದ ಮೇಲಿನ ಕಂಬಳಿ

ಸದ್ದು ಇಳಿದಿದೆ — ನಿನ್ನೆ ಸಂಜೆಯವರೆಗೂ ಗರಿಯ ಮಾಡಿನ ಮೇಲೆ ಸೋನೆ ಹಿಡಿದ ಹಾಗೆ ಸರಸರ ಸರಸರ ಸೊಪ್ಪು ತಿನ್ನುತ್ತಿದ್ದ ರೇಷ್ಮೆಹುಳುಗಳು ಒಂದೊಂದಾಗಿ ಬಾಯಿ ನಿಲ್ಲಿಸುತ್ತಿವೆ, ಇದೋ ಈ ಮೂಲೆಯ ತಟ್ಟೆಯಲ್ಲಿ ಒಂದು, ಅದರ ಪಕ್ಕದಲ್ಲಿ ಇನ್ನೊಂದು, ತಿಂದದ್ದು ಸಾಕು ಎನ್ನುವ ಹಾಗೆ ಅರ್ಧ ಮೈಯೆತ್ತಿ ತಲೆಯನ್ನು ಅತ್ತ ಇತ್ತ ತೂಗುತ್ತ ಏನನ್ನೋ ಹುಡುಕುತ್ತಿವೆ, ಮೈಯೊಳಗೆ ಯಾರೋ ಸಣ್ಣ ದೀಪ ಹಚ್ಚಿಟ್ಟಂತೆ ಹಳದಿಗೆ ತಿರುಗಿವೆ, ಹಣ್ಣಾಗಿವೆ, ಬೇಗ ಬೇಗ ಆರಿಸಿ ಚಂದ್ರಿಕೆಗೆ ಬಿಡಬೇಕು, ಅದರ ಬಿದಿರು ಸುರುಳಿಯ ಸಂದಿಗೆ ಬಿಟ್ಟರೆ ಅಲ್ಲೇ ಕೂತು ಗೂಡು ಕಟ್ಟಿಕೊಳ್ಳುತ್ತವೆ, ತಡಮಾಡಿದರೆ ಸೊಪ್ಪಿನ ಕಸದಲ್ಲೇ ನೂಲು ಚೆಲ್ಲಿ ಹಾಳಾಗುತ್ತವೆ, ತಿನ್ನುವುದು ನಿಲ್ಲಿಸು ನೂಲುವುದು ಶುರುಮಾಡು ಅಂತ ಇವಕ್ಕೆ ಯಾವ ಕಿವಿಯಲ್ಲಿ ಯಾರು ಹೇಳಿದರೋ, ಕಿವಿಯಾದರೂ ಎಲ್ಲಿದೆ ಇವಕ್ಕೆ — ಇಷ್ಟು ವರ್ಷ ಹುಳು ಸಾಕಿದರೂ ಈ ಗಳಿಗೆ ಬಂದಾಗ ಜ್ಞಾನಮ್ಮನ ಮೈ ಜುಮ್ಮೆನ್ನುತ್ತದೆ, ಒಂದೊಂದನ್ನೂ ಕೂಸನ್ನೆತ್ತಿದ ಹಾಗೆ ಎತ್ತುತ್ತಾಳೆ, ಆದರೆ ಇವತ್ತು ಕಣ್ಣು ಬಾಗಿಲ ಕಡೆಗೇ, ಹೊರಗೆ ಜಗಲಿಯ ಮೇಲೆ ಶ್ಯಾಮಲಮ್ಮ ಕೂತಿದ್ದಾರೆ, ಊರೂರು ತಿರುಗಿ ಹೆಂಗಸರಿಗೆ ಸುವಾರ್ತೆ ಹೇಳುವವರು, ಬಿಳಿ ಸೀರೆ, ಮೊಣಕಾಲಿಗೆ ಒರಗಿಸಿದ ಕರೀ ಕೊಡೆ, ಕೋಲಾರದ ಮಿಷನ್ ಆಸ್ಪತ್ರೆಯ ಡಾಕ್ಟರಮ್ಮ ಕಳಿಸಿದ್ದಾರೆ, ರೈಲು ಟೇಕಲ್ಲಿಗೆ ಬರುವುದರೊಳಗೆ ಉತ್ತರ ಬೇಕು, ಹೂಂ ಅಂದರೆ ಮಗಳು ಸುಗುಣ ಇವತ್ತೇ ಅವರ ಜೊತೆ ಹೊರಡುತ್ತಾಳೆ, ಬೌರಿಂಗ್‌ಪೇಟೆಯಲ್ಲಿ ಇಳಿದು ಸಣ್ಣ ರೈಲು ಹತ್ತಿ ಕೋಲಾರಕ್ಕೆ, ನರ್ಸು ಕೆಲಸ ಕಲಿಯಲು, ಊಹೂಂ ಅಂದರೆ ಆ ಜಾಗ ಇನ್ನೊಬ್ಬ ಹುಡುಗಿಗೆ, ಸುಗುಣ ಮಾಲೂರಿಗೆ ಸೊಸೆ, ಅಲ್ಲಿಯ ಸ್ಕೂಲು ಮೇಷ್ಟ್ರು ಸತ್ಯನಾಥನ ಹೆಂಡತಿ, ಅವರ ಕಡೆಯವರಿಗೂ ಕ್ರಿಸ್ಮಸ್ಸಿಗೆ ಮುಂಚೆ ಮಾತು ಬೇಕಂತೆ, ಎರಡೂ ಒಳ್ಳೆಯದೇ, ಒಂದು ಕೆಟ್ಟದ್ದಾಗಿದ್ದರೆ ಎಷ್ಟು ಸಲೀಸಾಗಿತ್ತು, ಕೆಟ್ಟದ್ದನ್ನು ಬಿಡು ಅಂತ ಹತ್ತು ಕಟ್ಟಳೆ ಇವೆ, ಎರಡು ಒಳ್ಳೆಯದರಲ್ಲಿ ಒಂದನ್ನು ಹೇಗೆ ಆರಿಸಬೇಕು ಅನ್ನುವುದಕ್ಕೆ ಒಂದೂ ಇಲ್ಲ — ಆದರೆ ಈಗ ಚಿಂತೆಯಿಲ್ಲ, ಈಗ ಉತ್ತರ ಗೊತ್ತು, ಮನುಷ್ಯರಲ್ಲ, ದೇವರೇ ಹೇಳಿದ್ದಾನೆ, ಬೆಳಗಿನ ಜಾವ ಇದೇ ಕೈಯಲ್ಲಿ ಮುಟ್ಟಿ ನೋಡಿದ್ದಾಳೆ.

ಒದ್ದೆಯಾಗಿರಲಿಲ್ಲ, ಕಂಬಳಿ ಒದ್ದೆಯಾಗಿರಲಿಲ್ಲ, ಕೋಳಿ ಕೂಗಿದ ಮೇಲೆ ಎದ್ದು ಹಿತ್ತಲ ಬಾಗಿಲು ತೆಗೆದರೆ ಮಾರ್ಗಶಿರದ ಮಂಜು ಮುಖಕ್ಕೆ ಹೊಡೆಯಿತು, ಎದುರಿನ ಬೆಟ್ಟ ಇತ್ತೋ ಇಲ್ಲವೋ ಕಾಣದು, ಕಣದ ಸಗಣಿ ನೆಲ ಪಾದಕ್ಕೆ ಅಂಟುವಷ್ಟು ತೇವ, ರಾಗಿ ಮೆದೆಯಿಂದ ತಟ್ ತಟ್ ಅಂತ ಹನಿ ಬೀಳುತ್ತಿದೆ, ರಾಗಿ ಒಕ್ಕುವ ರೋಣಗಲ್ಲಿನ ಬೆನ್ನ ಮೇಲೆ ಮುತ್ತು ಚೆಲ್ಲಿದ ಹಾಗೆ ಇಬ್ಬನಿ, ಲೋಕವೆಲ್ಲ ನೆಂದು ಕೂತಿದೆ, ನಡುವೆ ತೀರಿಹೋದ ಗಂಡ ದಾನಪ್ಪನ ಕರೀಕಂಬಳಿ, ರಾತ್ರಿ ಅವಳೇ ಹರಡಿಹೋದ ಜಾಗದಲ್ಲೇ, ಬಗ್ಗಿ ಮುಟ್ಟಿದರೆ — ಒಣಗಿದೆ, ಅಂಗೈ ಪೂರ್ತಿ ಊರಿದಳು, ಅಂಚು ಹಿಂಡಿ ನೋಡಿದಳು, ಒಂದು ಹನಿ ಬರಲಿಲ್ಲ, ಅದಿರಲಿ, ಅಷ್ಟೇ ಆಗಿದ್ದರೆ ಮೊಣಕಾಲೂರಿ ಅಲ್ಲೇ ಕುಸಿಯುತ್ತಿರಲಿಲ್ಲ, ಕಂಬಳಿ ಬೆಚ್ಚಗಿತ್ತು, ಈಗತಾನೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ, ಕೋಳಿ ಎದ್ದ ಮೇಲೆ ಮೊಟ್ಟೆ ಇರುತ್ತದಲ್ಲ ಹಾಗೆ, ನಾಯಿ ಮಲಗಿತ್ತೇನೋ ಅಂತ ಮೂಸಿಯೂ ನೋಡಿದಳು, ಸಂಸಾರಸ್ಥೆಯ ಬುದ್ಧಿ, ದೇವರು ಎದುರಿಗೆ ನಿಂತರೂ ನಾಯಿಯೋ ಅಂತ ಮೂಸುತ್ತದೆ, ನಾಯಿಯ ನಾತವಿಲ್ಲ, ಹರಳೆಣ್ಣೆಯ ಘಮಲು, ಎಣ್ಣೆ, ಪೂರ್ವಕಾಲದ ಅರಸರ ತಲೆಗೆ ಪ್ರವಾದಿಗಳು ಸುರಿಯುತ್ತಿದ್ದರಂತಲ್ಲ, ಆ ಎಣ್ಣೆಯೇ, ಮೈಯ ಕೂದಲೆಲ್ಲ ಎದ್ದು ನಿಂತಿತು, ಸ್ವಾಮೀ ಅನ್ನಲು ಬಾಯಿ ತೆರೆದರೆ ಉಸಿರು ಮಾತ್ರ ಹೊಗೆಯಾಗಿ ಹೊರಗೆ ಬಂತು, ಹುಳು ಸಾಕುವ ಈ ಹೆಂಗಸಿನ ಕಣಕ್ಕೆ ಬಂದೆಯಾ, ಹರಿದ ಕಂಬಳಿಯ ಮೇಲೆ ಕೂತುಹೋದೆಯಾ, ಬಿಸಿ ಆರುವವರೆಗೂ ಅಂಗೈ ತೆಗೆಯಲೇ ಇಲ್ಲ, ಆರಿಹೋಗುತ್ತಿದೆ ಅನ್ನುವಾಗ ಅಳು ಬಂತು, ಎದ್ದು ನೋಡಿದರೆ ಬೆಟ್ಟದ ನೆತ್ತಿ ಕಾಣಿಸಿಕೊಂಡಿದೆ.

ಒಣಗಿದ್ದರೆ ಇಟ್ಟುಕೋ, ನೆಂದಿದ್ದರೆ ಕಳಿಸು — ಅದೇ ಅಲ್ಲವೇ ರಾತ್ರಿ ದೇವರಿಗೆ ಹೇಳಿದ ಮಾತು, ಒಣಗಿದ್ದರೆ ಹತ್ತಿರದ ಮಾಲೂರು, ನೆಂದಿದ್ದರೆ ಕೋಲಾರ, ಅವಳೇ ಕಟ್ಟಿದ ಮಾತು, ಕಟ್ಟಿದ್ದರಲ್ಲಿ ಸ್ವಲ್ಪ ಕಳ್ಳತನವೂ ಇತ್ತು, ಈ ತಿಂಗಳಲ್ಲಿ ಹೊರಗೆ ಬಿಟ್ಟ ಕಂಬಳಿ ನೆನೆಯದೆ ಇರುತ್ತದೆಯೇ, ಮೂರು ವರ್ಷದ ಮಗುವಿಗೂ ಗೊತ್ತು, ಪಕ್ಕದ ಮನೆಯ ಚಿಕ್ಕಗಂಗಮ್ಮನಿಗೆ ಬಾಯಿತಪ್ಪಿ ಹೇಳಿದ್ದರೆ ಊರೆಲ್ಲ ನಗಿಸುತ್ತಿದ್ದಳು, ನಾ ತಲ್ಲೀ, ನನ್ ತಾಯೇ, ಇಬ್ಬನಿ ಕಾಲದಾಗೆ ಕಂಬಳಿ ನೆನೀತದಾ ಅಂತ ದೇವ್ರನ್ನ ಕೇಳ್ತೀಯಲ್ಲೇ, ನಾಳೆ ಸೂರ್ಯ ಹುಟ್ತಾನಾ ಅಂತ್ಲೂ ಕೇಳು — ಬೇಕೆಂದೇ ಹಾಗೆ ಕಟ್ಟಿದ್ದಳು, ಮಗಳನ್ನು ನನ್ನ ಹತ್ತಿರ ಉಳಿಸಬೇಕೆಂದಿದ್ದರೆ ಕಷ್ಟದ ಕೆಲಸ ನೀನೇ ಮಾಡು ಸ್ವಾಮಿ, ನಾನು ಕೈಹಿಡಿದು ಎಳೆದುಕೊಂಡೆ ಅನ್ನುವ ಮಾತು ಬರಬಾರದು, ಕಳಿಸುವುದಾದರೆ ಸುಮ್ಮನಿರು, ಇಬ್ಬನಿ ತಾನೇ ಬೀಳುತ್ತದೆ, ಹಾಗೆ ಹೇಳಿ, ಮಗಳನ್ನು ಕಳಿಸಿಕೊಟ್ಟ ಹಾಗೇ ಅಂತ ತಿಳಿದು ಹುಳುಮನೆಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಬಿದ್ದುಕೊಂಡವಳಿಗೆ ದಣಿವಿಗೆ ಕಲ್ಲು ನಿದ್ದೆ, ಆದರೆ ಅವನು ಕಷ್ಟದ ಕೆಲಸವನ್ನೇ ಮಾಡಿದ, ಮಾಡಿ ಬಿಸಿಯನ್ನೂ ಬಿಟ್ಟುಹೋದ, ಹಳೆಯ ಕಾಲದಲ್ಲಿ ಒಬ್ಬ ರೈತ, ಶತ್ರುಗಳಿಗೆ ಹೆದರಿ ಗೋದಿಯನ್ನು ಕದ್ದು ಬಡಿಯುತ್ತಿದ್ದವನು, ದೇವರು ದಂಡು ಕಟ್ಟಿಕೊಂಡು ಹೋಗು ಅಂದಾಗ ನಂಬದೆ ಕಣದ ಮೇಲೆ ಕುರಿಯ ಉಣ್ಣೆ ಹರಡಿ ಗುರುತು ಕೇಳಿದನಂತೆ, ಒಂದು ದಿನ ಉಣ್ಣೆ ನೆಂದು ನೆಲ ಒಣಗಿರಲಿ ಅಂದ, ಮಾರನೆಯ ದಿನ ಅದನ್ನೇ ತಿರುಗಿಸಿ ಕೇಳಿದ, ಪಾದ್ರಿ ಅಯ್ಯನವರು ಸತ್ಯವೇದದ ಆ ಕತೆ ಓದಿದ ದಿನವೇ ಜ್ಞಾನಮ್ಮನಿಗೆ ಅವನು ನಮ್ಮ ಟೇಕಲ್ಲಿನವನೇ ಅನ್ನಿಸಿಬಿಟ್ಟಿತ್ತು, ಕಣ, ಉಣ್ಣೆ, ಇಬ್ಬನಿ, ಹೆದರಿಕೆ, ನಮ್ಮಲ್ಲಿಲ್ಲದ್ದು ಅವನ ಹತ್ತಿರ ಏನಿತ್ತು.

ಅಯ್ಯನವರು ಮಾಲೂರಿನಿಂದ ಸೈಕಲ್ ತುಳಿದುಕೊಂಡು ಬರುವವರು, ಸಣ್ಣ ಪ್ರಾಯ, ಕೊರಳಿನ ಎಲುಬು ಎದ್ದು ಕಾಣುತ್ತದೆ, ಕಳೆದ ಆರಾಧನೆ ಮುಗಿದ ಮೇಲೆ ಹುಣಸೆಮರದ ಕೆಳಗೆ ಹಿಡಿದು ಕೇಳಿದ್ದಳು, ಅಯ್ಯಾ, ಆಸ್ಪತ್ರೆಗೆ ಕಳಿಸೋದು ದೇವರ ಚಿತ್ತವೋ, ಮದುವೆ ಮಾಡೋದು ದೇವರ ಚಿತ್ತವೋ, ಒಂದು ಮಾತು ಹೇಳಿ ಪುಣ್ಯ ಕಟ್ಟಿಕೊಳ್ಳಿ, ಅವರು ಸೈಕಲ್ಲಿನ ಗಾಳಿ ಒತ್ತಿ ನೋಡುತ್ತ ನಕ್ಕರು, ಏನಮ್ಮಾ, ನಿಮ್ಮೂರಿನ ಸ್ಟೇಷನ್ ಮಾಸ್ಟರ್ ಥರಾ ದೇವರು ಹಸಿರು ಬಾವುಟ ಕೆಂಪು ಬಾವುಟ ಹಿಡ್ಕೊಂಡು ನಿಂತಿರ್ತಾನೆ ಅಂದ್ಕೊಂಡಿದ್ದೀರಾ, ಎರಡೂ ಒಳ್ಳೇ ದಾರಿನೇ, ಪ್ರಾರ್ಥನೆ ಮಾಡಿ, ವಾಕ್ಯ ಓದಿಸಿ ಕೇಳಿ, ತಿಳಿದೋರ ಹತ್ರ ಮಾತಾಡಿ, ಆಮೇಲೆ ಮನಸ್ಸಿಗೆ ಎಲ್ಲಿ ಸಮಾಧಾನ ಆಗುತ್ತೋ ಅಲ್ಲಿ ಹೆಜ್ಜೆ ಇಡಿ, ಅಂದಹಾಗೆ ಹುಡುಗೀನ ಕೇಳಿದ್ರಾ, ಅವಳಿಗೇನು ಇಷ್ಟ — ಹುಡುಗಿಯನ್ನು ಕೇಳುವುದೇ, ಜ್ಞಾನಮ್ಮನಿಗೆ ಒಳಗೇ ನಗು ಬಂದಿತ್ತು, ಪಾಪ ಓದಿದ ಹುಡುಗ, ಮಕ್ಕಳಿಲ್ಲ ಇನ್ನೂ, ಹುಡುಗಿಗೇನು ಗೊತ್ತು, ಹುಡುಗಿ ತಾಯಿಯ ಮುಖ ನೋಡಿ ಹೇಳುತ್ತಾಳೆ, ದೇವರು ಯಾರ ಮುಖ ನೋಡಬೇಕು, ಅವನನ್ನೇ ಕೇಳಿದರಾಯಿತು, ಸಮಾಧಾನ ಅಂತೀರಿ ಅಯ್ಯಾ, ಸಂಜೆ ತಟ್ಟೆ ತೊಳೆಯುವಾಗ ಕಳಿಸೋಣ ಅಂತ ಸಮಾಧಾನ, ಬೆಳಿಗ್ಗೆ ಅವಳು ಒಲೆ ಮುಂದೆ ಕೂತಿದ್ದು ಕಂಡರೆ ಬೇಡಪ್ಪಾ ಬೇಡ ಅಂತ ಸಮಾಧಾನ, ನನ್ನ ಸಮಾಧಾನಕ್ಕೆ ಎಷ್ಟು ಮುಖ, ಕೈಗೆ ಸಿಗುವುದೊಂದು ಬೇಕು, ಮುಟ್ಟಿದರೆ ಹೌದು ಅಲ್ಲ ಅನ್ನುವುದು, ಅವ್ವನಿಗೆ ಸಿಗುತ್ತಿತ್ತು — ಅವ್ವನಿಗೆ ಗಂಗಮ್ಮನ ಗುಡಿಯಲ್ಲಿ ಸಿಗುತ್ತಿತ್ತು, ಆಗ ಇವಳು ಜ್ಞಾನಮ್ಮನಲ್ಲ, ಮುನಿಯಲ್ಲಮ್ಮ, ಅವ್ವ ಬದುಕಿದ್ದವರೆಗೂ ಮುನ್ಯಲ್ಲಿ ಅಂತಲೇ ಕರೆದಳು, ದಾನಪ್ಪನ ಮನೆಯವರು ನೆಂಟರೇ ಆದರೂ ಎರಡು ತಲೆಮಾರಿನಿಂದ ಮಿಷನ್ನಿಗೆ ಸೇರಿದವರು, ಅಲ್ಲಿಗೆ ಹೆಣ್ಣು ಕೊಡುವುದೋ ಬಿಡುವುದೋ ಅಂತ ಅವ್ವ ಹೂ ಕೇಳಿದಳು, ಪೂಜಾರಿ ಗಂಗಮ್ಮನ ನೆತ್ತಿಗೆ ನೀರು ಸವರಿ ಕಣಗಿಲೆಯ ಎಸಳು ಅಂಟಿಸಿದ, ಬಲಕ್ಕೆ ಬಿದ್ದರೆ ಕೊಡು, ಎಡಕ್ಕೆ ಬಿದ್ದರೆ ಬೇಡ, ಎಸಳು ಬೀಳಲೊಲ್ಲದು, ಅದರ ತುದಿಯಲ್ಲಿ ಒಂದು ಹನಿ ನೀರು ದೀಪಕ್ಕೆ ಹೊಳೆಯುತ್ತ ನಿಂತಿತ್ತು, ಬಲಕ್ಕೂ ಇಲ್ಲ ಎಡಕ್ಕೂ ಇಲ್ಲ, ಹುಡುಗಿ ಮುನಿಯಲ್ಲಮ್ಮ ಉಸಿರು ಹಿಡಿದು ಆ ಹನಿಯನ್ನೇ ನೋಡುತ್ತಿದ್ದಳು, ಆಮೇಲೆ ಎಡಕ್ಕೆ ಬಿತ್ತು, ಅವ್ವ ಸೊಂಟಕ್ಕೆ ಕೈಕೊಟ್ಟು, ಇನ್ನೊಂದ್ಸಲ ಇಡಯ್ಯಾ, ಅಮ್ಮನಿಗೆ ಇನ್ನೂ ನಿದ್ದೆಗಣ್ಣು, ಅಂದಳು, ಮತ್ತೆ ಎಡ, ಮತ್ತೊಂದು ಸಲ, ಕೊನೆಗೆ ಅಮ್ಮನೇ ಬೇಸತ್ತು ಬಲಕ್ಕೆ ಕೊಟ್ಟಳು, ದಾರಿಯುದ್ದಕ್ಕೂ ಅವ್ವ, ನೋಡ್ದೇನೇ, ನಾನು ಅಂದ್ಕೊಂಡಿದ್ದನ್ನೇ ಅಮ್ಮನೂ ಅಂದಳು, ಅಂತ ಹಿಗ್ಗಿದಳು, ಅದೆಲ್ಲ ಬಿಟ್ಟು ಬಂದದ್ದಾಯಿತು, ಮದುವೆಯ ಹಿಂದಿನ ದಿನ ದೀಕ್ಷಾಸ್ನಾನ, ಜ್ಞಾನಮ್ಮ ಅನ್ನುವ ಹೊಸ ಹೆಸರು, ಆಗಿನ ಮುದಿ ಅಯ್ಯನವರ ಅಂಗೈಯಿಂದ ನೆತ್ತಿಗೆ ಬಿದ್ದ ನೀರು ಹಣೆಗಿಳಿದು ರೆಪ್ಪೆಯ ಮೇಲೆ ಒಂದು ಹನಿಯಾಗಿ ನಿಂತಿತು, ಅದರೊಳಗಿಂದ ಲೋಕ ಕಂಡದ್ದೇ ಬೇರೆ, ಒರೆಸಿಕೊಳ್ಳಬಾರದು ಅಂತ ಯಾರೂ ಹೇಳಿರಲಿಲ್ಲ, ಅವಳೇ ಒರೆಸಿಕೊಳ್ಳಲಿಲ್ಲ.

ಹುಳು ಹನಿ ತಡೆಯವು, ಇಬ್ಬನಿಯ ಸೊಪ್ಪು ಹಾಕಿದರೆ ರೋಗ ಬಂದು ಕರಗಿಹೋಗುತ್ತವೆ, ಅದಕ್ಕೇ ಈ ತಿಂಗಳುಗಳಲ್ಲಿ ಒಂದೊಂದು ಎಲೆಯನ್ನೂ ಬಟ್ಟೆಯಲ್ಲಿ ಒರೆಸಿ ಹಾಕಬೇಕು, ತಾಯಿ ಮಗಳು ಬೆಳಗಾದರೆ ಇದೇ ಕೆಲಸ, ಲೋಕದ ಇಬ್ಬನಿಯನ್ನೆಲ್ಲ ಒರೆಸಿ ಮುಗಿಸುವವರ ಹಾಗೆ, ಸುಗುಣಳ ಕೈ ಚುರುಕು, ಎಲೆಯ ಬೆನ್ನು ಮೊದಲು, ಹೊಟ್ಟೆ ಆಮೇಲೆ, ಹುಳು ಜ್ವರಕ್ಕೆ ಹೋಗುವ ದಿನವನ್ನು — ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಂಕಾಗಿ ಕೂರುತ್ತವಲ್ಲ, ಅದಕ್ಕೆ ಜ್ವರವೆನ್ನುತ್ತಾರೆ — ಆ ದಿನವನ್ನು ಅವಳು ತಾಯಿಗಿಂತ ಮೊದಲೇ ಹೇಳಿಬಿಡುತ್ತಾಳೆ, ಅಮ್ಮಾ, ಇವಕ್ಕೆ ಮೈ ಸರಿಯಿಲ್ಲ ಕಣಮ್ಮಾ, ಮಾತಾಡಿಸಬೇಡ, ಅಂತ, ರೋಗಿಯ ಹತ್ತಿರ ಹಾಗೇ ಹೋಗುತ್ತಾಳೆ, ಚಿಕ್ಕವಳಿದ್ದಾಗಲೂ, ಊರಲ್ಲಿ ಇಲಿ ಬಿದ್ದ ವರ್ಷ, ಪ್ಲೇಗು ಪ್ಲೇಗು ಅಂತ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಾಗ ದಾನಪ್ಪನಿಗೆ ತೊಡೆಸಂದಿಯಲ್ಲಿ ಗೆಡ್ಡೆ ಎದ್ದಿತು, ಈ ಕಂಬಳಿಯನ್ನೇ ಹೊದ್ದು ನಡುಗುತ್ತಿದ್ದ, ಅಣ್ಣತಮ್ಮಂದಿರು ದೂರದಲ್ಲೇ ಗಂಜಿಯ ಮಡಕೆ ಇಟ್ಟು ಓಡುತ್ತಿದ್ದರು, ಜ್ಞಾನಮ್ಮನೇ ಒಂದು ಗಳಿಗೆ ಹೆದರಿದ್ದಳು, ಹೊಸಿಲಲ್ಲಿ ನಿಂತಿದ್ದಳು, ನಿಂತಿದ್ದಳು — ಆಗ ಹುಡುಗಿ ಅವಳ ಕಂಕುಳ ಕೆಳಗೆ ನುಸುಳಿ ಒಳಗೆ ಹೋದಳು, ಬಟ್ಟೆಯ ತುದಿ ನೀರಲ್ಲಿ ಅದ್ದಿ ಅಪ್ಪನ ತುಟಿಯ ಮೇಲೆ ಹಿಡಿದಳು, ಬಟ್ಟೆಯ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು, ಬೀಳುವ ಮುಂಚೆ ಅಪ್ಪ ಕಣ್ಣು ಬಿಟ್ಟು ಮಗಳನ್ನು ನೋಡಿದ, ಏನವ್ವಾ ನೀನು ಬಂದ್ಯಾ ಅಂದ, ಹನಿ ಬಿತ್ತು, ಅಷ್ಟೇ, ಅದಾದ ಮೇಲೆ ಅವನು ಯಾರನ್ನೂ ಗುರುತಿಸಲಿಲ್ಲ, ಆ ಹುಡುಗಿಯನ್ನೇ ಈಗ ಆಸ್ಪತ್ರೆಯವರು ಕೇಳುತ್ತಿರುವುದು, ಕಾಲರಾ ಬರುತ್ತದೆ ಪ್ಲೇಗು ಬರುತ್ತದೆ, ಯುದ್ಧದ ಕಾಲ, ಯಾವ ಯಾವ ರೋಗ ಎಲ್ಲಿಂದ ಬರುತ್ತದೋ, ಎಲ್ಲರೂ ಹೊಸಿಲಲ್ಲಿ ನಿಂತರೆ ಇವಳು ಕಂಕುಳ ಕೆಳಗೆ ನುಸುಳುತ್ತಾಳೆ, ಬೇಡ, ಮಾಲೂರಿನ ಮೇಷ್ಟ್ರು ಒಳ್ಳೆಯ ಹುಡುಗ, ಮಂಗಳೂರು ಹಂಚಿನ ಮನೆ, ಎರಡು ಹಸು, ಬೇಕೆನಿಸಿದಾಗ ಹೋಗಿ ಮುಖ ನೋಡಿ ಬರಬಹುದು, ಕಂಬಳಿ ಬೆಚ್ಚಗಿತ್ತಲ್ಲ, ದೇವರಿಗೆ ತಾಯಿಯ ಹೊಟ್ಟೆ ಗೊತ್ತು.

ಅಮ್ಮಾ, ಸೊಪ್ಪು, ಅಂತ ಸುಗುಣ ಕುಕ್ಕೆ ಹೊತ್ತು ಒಳಗೆ ಬರುತ್ತಾಳೆ, ತಲೆಯ ಮೇಲೆ ಸೆರಗು ಹೊದ್ದಿದ್ದಾಳೆ, ಸೆರಗೆಲ್ಲ ಒದ್ದೆ, ತೋಟದಲ್ಲಿ ಸೊಪ್ಪು ಕೊಯ್ದವಳ ಸೆರಗು ಒದ್ದೆಯಾಗದೆ ಏನಾದೀತು, ಕಣ್ಣ ಕೆಳಗೆ ನೀಲಿ, ಯಾಕೇ ನಿದ್ದೆ ಮಾಡ್ಲಿಲ್ವಾ, ಅಂದರೆ, ಬಂತು ಬಿಡಮ್ಮ, ಅನ್ನುತ್ತಾಳೆ, ಕುಕ್ಕೆ ಇಳಿಸಿ ತಟ್ಟೆಯ ಮೇಲೆ ಬಗ್ಗುತ್ತಾಳೆ, ಅಯ್ಯೋ ಹಣ್ಣಾಗ್ಬಿಟ್ಟಿವೆ, ನೋಡಮ್ಮ ಇದು ಹೆಂಗೆ ತಲೆ ಎತ್ಕೊಂಡು ಹುಡುಕ್ತಾ ಇದೆ, ಪಾಪ, ದಾರಿ ಕೇಳೋರ ಥರ — ಈಗ ಹೇಳಬೇಕು, ಈಗಲೇ, ಜ್ಞಾನಮ್ಮ ಹುಳುವನ್ನು ಚಂದ್ರಿಕೆಗೆ ಬಿಡುತ್ತ ಮುಖ ಎತ್ತದೆ ಹೇಳುತ್ತಾಳೆ, ಸುಗುಣಾ, ದೇವರು ಬೇಡ ಅಂದ ಕಣೇ, ಕೋಲಾರ ಬೇಡ, ನಿನ್ನೆ ಕೇಳ್ದೆ, ಇವತ್ತು ಬೆಳಗಿನ ಜಾವ ಹೇಳಿದ, ನನ್ನ ಕೈಯಾರೆ ಮುಟ್ಟಿದೀನಿ, ಸುಳ್ಳಲ್ಲ — ಹುಡುಗಿಯ ಕೈಯಲ್ಲಿದ್ದ ಎಲೆ ನಿಂತಿತು, ಒರೆಸುತ್ತಿದ್ದ ಕೈ ನಿಂತಿತು, ಮತ್ತೆ ಒರೆಸಿತು, ಒರೆಸಿದ ಎಲೆಯನ್ನೇ ಇನ್ನೊಂದು ಸಲ ಒರೆಸಿತು, ಆಗ್ಲಿ ಅಮ್ಮ, ಅಂದಳು, ಅಷ್ಟೇ, ಹ್ಯಾಗೆ ಹೇಳಿದ, ಏನು ಹೇಳಿದ, ಅಂತ ಒಂದು ಮಾತು ಕೇಳಲಿಲ್ಲ, ಆ ಆಗ್ಲಿ ಎಷ್ಟು ಮೆತ್ತಗಿತ್ತು ಅಂದರೆ ಜ್ಞಾನಮ್ಮನಿಗೆ ಸಮಾಧಾನವಾಗುವುದರ ಬದಲು ಎಲ್ಲೋ ಒಂದು ಕಡ್ಡಿ ಮುರಿದ ಹಾಗಾಯಿತು, ಚಂದ್ರಿಕೆಯದೇನೋ ಅಂತ ನೋಡಿದಳು, ಮುರಿದಿರಲಿಲ್ಲ.

ಜಗಲಿಯಲ್ಲಿ ಆಗಲೇ ಚಿಕ್ಕಗಂಗಮ್ಮ ಬಂದು ಕೂತು ಎಲೆಯಡಿಕೆ ಬಿಚ್ಚಿದ್ದಾಳೆ, ಏನಮ್ಮಾ ಶ್ಯಾಮಲಮ್ಮ, ನಿಮ್ಮಾಸ್ಪತ್ರೆಯಾಗೆ ಗಂಡಸ್ರ ಕೈ ಹಿಡ್ದು ನಾಡಿ ನೋಡ್ಬೇಕಂತಲ್ಲ ಹುಡ್ಗೀರು, ಎಂಥಾ ಕಾಲ ಬಂತಪ್ಪಾ, ಅಂತಾಳೆ, ಶ್ಯಾಮಲಮ್ಮ ಬಿಡುವವರಲ್ಲ, ಹೌದು ಚಿಕ್ಕಗಂಗಮ್ಮ, ಹೋದ ವರ್ಷ ನಿಮ್ಮ ಮೈದುನ ಬಂದಿದ್ರಲ್ಲ ಹೊಟ್ಟೆನೋವು ಅಂತ, ಅವರ ಕೈ ನಾವು ಹಿಡೀಲಿಲ್ಲ, ಅವರೇ ನಮ್ಮ ನರ್ಸಮ್ಮನ ಕೈ ಹಿಡ್ಕೊಂಡು ಅವ್ವಾ ನನ್ನ ಬಿಟ್ಟು ಹೋಗ್ಬೇಡ ಅಂತ ಅತ್ತರು, ಚಿಕ್ಕಗಂಗಮ್ಮ ಎಲೆ ಉಗಿಯುವುದನ್ನು ಮರೆತು ನಗುತ್ತಾಳೆ, ಜ್ಞಾನಮ್ಮ ಬಾಗಿಲಲ್ಲಿ ನಿಂತು, ಶ್ಯಾಮಲಮ್ಮನೋರೆ, ಮಾಲೂರಿಗೇ ಅಂತ ಆಯ್ತು, ದೇವರ ಚಿತ್ತ ಹಾಗಿದೆ, ನೀವು ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ಹೇಳ್ಬೇಕು, ಅನ್ನುತ್ತಾಳೆ, ನಗು ನಿಲ್ಲುತ್ತದೆ, ಶ್ಯಾಮಲಮ್ಮ ಅವಳ ಮುಖವನ್ನೇ ನೋಡುತ್ತಾರೆ, ದೇವರ ಚಿತ್ತ ಅಂದಮೇಲೆ ನಾನೇನು ಹೇಳಲಿ, ಆಗಲಿ ತಾಯಿ, ಮದುವೆಗೆ ಕರೀರಿ, ಅಂದು ಕೊಡೆ ಕೈಗೆ ತೆಗೆದುಕೊಂಡು, ರೈಲಿಗೆ ಇನ್ನೂ ಹೊತ್ತಿದೆ, ಈ ಬಿಸಿ ಗಂಜಿ ಕುಡಿದು ಹೊರಡ್ತೀನಿ, ಅನ್ನುತ್ತಾರೆ, ಮುಗಿಯಿತು, ಇಷ್ಟು ಸುಲಭವೇ, ತಿಂಗಳಿಂದ ಎದೆಯ ಮೇಲೆ ಕೂತಿದ್ದ ಬಂಡೆ ಒಂದು ಮಾತಿಗೆ ಉರುಳಿಹೋಯಿತೇ, ಹೋದರೆ ಎದೆ ಹಗುರವಾಗಬೇಕಲ್ಲ, ಯಾಕೆ ಆಗಿಲ್ಲ, ಹೂ ಎಡಕ್ಕೆ ಬಿದ್ದಾಗ ಅವ್ವನ ಮುಖ ಹೇಗಾಗಿತ್ತೋ ಹಾಗೆ ತನ್ನ ಮುಖ ಆಗಿರಬೇಕು ಅನ್ನಿಸುತ್ತದೆ, ಆದರೆ ಇದು ಬಲಕ್ಕೆ ಬಿದ್ದ ಹೂವು, ಬಲಕ್ಕೆ, ತಾನು ಕೇಳಿದ್ದೇ ಸಿಕ್ಕಿದೆ, ನಾನು ಅಂದ್ಕೊಂಡಿದ್ದನ್ನೇ ಅಮ್ಮನೂ ಅಂದಳು — ಅವ್ವನ ಮಾತು ಈಗೇಕೆ ಬಂತು, ಥೂ, ಕಂಬಳಿ ಬೆಚ್ಚಗಿತ್ತು, ಅದನ್ನು ಹಿಡಿದುಕೋ, ಬೆಚ್ಚಗಿತ್ತು.

ಬಾರೇ ತಲೆ ಬಾಚ್ತೀನಿ, ಅಂತ ಕರೆಯುತ್ತಾಳೆ, ಮಗಳಿಗೆ ಏನಾದರೊಂದು ಕೊಡಬೇಕು, ಕೈಯಲ್ಲಿ ಏನಿದೆ, ಬಾಚಣಿಗೆ ಇದೆ, ಸುಗುಣ ಹೊಸಿಲ ಒಳಗೆ ಬಂದು ತಾಯಿಯ ಮೊಣಕಾಲ ಸಂದಿಯಲ್ಲಿ ಬೆನ್ನು ಕೊಟ್ಟು ಕೂರುತ್ತಾಳೆ, ಎಷ್ಟು ದಿನವಾಯಿತು ಹೀಗೆ ಕೂತು, ಸೆರಗು ಜಾರಿಸುತ್ತಾಳೆ, ಜಡೆ ಬಿಚ್ಚಲು ಜ್ಞಾನಮ್ಮ ನೆತ್ತಿಗೆ ಕೈಯಿಟ್ಟರೆ ತಣ್ಣಗೆ — ಬೆರಳು ಒದ್ದೆ, ಕೂದಲು ಬುಡದವರೆಗೂ ನೆಂದಿದೆ, ಹಿಂಡಿದರೆ ಇಳಿಯುವಷ್ಟು, ತಲೆಗೆ ನೀರು ಹಾಕ್ಕೊಂಡ್ಯೇನೇ ಈ ಚಳೀಲಿ, ಇಲ್ಲಮ್ಮ, ಮತ್ತೆ ಸೊಪ್ಪಿನ ಹನಿ ಬುಡಕ್ಕೆ ಇಳಿಯುತ್ತಾ, ಜಡೆಯ ತುದಿ ಕೈಗೆ ಬಂತು, ತುದಿ ಒಣಗಿದೆ, ಬೆನ್ನ ಮೇಲಿದ್ದ ಅಷ್ಟುದ್ದ ಜಡೆಯೂ ಒಣಗಿದೆ, ನೆತ್ತಿ ಮಾತ್ರ ನೆಂದಿದೆ, ಇದೆಂಥಾ ನೆನೆಯುವುದು, ಜಡೆಯಿಂದ ಹರಳೆಣ್ಣೆಯ ಘಮಲು — ಜ್ಞಾನಮ್ಮನ ಕೈ ಅಲ್ಲೇ ನಿಂತುಬಿಟ್ಟಿತು, ಬೈಬೇಡಮ್ಮ, ಸುಗುಣ ಗೋಡೆಗೆ ಹೇಳುವ ಹಾಗೆ ಮೆಲ್ಲಗೆ ಹೇಳುತ್ತಿದ್ದಾಳೆ, ನಿದ್ದೆ ಬರಲಿಲ್ಲ, ಕಣದಲ್ಲಿ ಕೂತಿದ್ದೆ, ಅಪ್ಪನ ಕಂಬಳಿ ಅಲ್ಲೇ ಬಿದ್ದಿತ್ತು, ಎತ್ತಿಡೋದು ಮರೆತಿದ್ದೀಯ ಅಂದ್ಕೊಂಡೆ, ಚಳಿಗೆ ಹೊದ್ದುಕೊಂಡೆ, ಮೈ ಬಿಸಿಗೆ ಅದು ನೆನೀಲಿಲ್ಲ, ಕೋಳಿ ಕೂಗೋವಾಗ ಹೇಗಿತ್ತೋ ಹಾಗೇ ಹಾಸಿ ಒಳಗೆ ಬಂದೆ, ನೀನು ಏಳೋ ಹೊತ್ತಾಯ್ತಲ್ಲ ಅಂತ — ಹೊದ್ದುಕೊಂಡೆ, ಬೆಚ್ಚಗೆ, ಎಣ್ಣೆ, ಓ ನನ್ನಪ್ಪಾ, ನಾಯಿಯೋ ಅಂತ ಮೂಸಿದ್ದಳಲ್ಲ, ಹೆತ್ತ ಮಗಳ ಬಿಸಿ ಗುರುತು ಹಿಡಿಯಲಿಲ್ಲವಲ್ಲ, ತಲೆ ಯಾಕೆ ಮುಚ್ಕೊಳ್ಳಲಿಲ್ವೇ, ಅನ್ನುತ್ತಾಳೆ, ಕೇಳಬೇಕಾದ್ದು ಅದಲ್ಲ, ಬಾಯಿಗೆ ಬಂದದ್ದು ಅದು, ಪ್ರಾರ್ಥನೆಗೆ ಕೂತಾಗ ಮುಸುಕು ಹಾಕ್ಕೋಬೇಕು ಅಂತ ಚಿಕ್ಕಂದಿನಿಂದ ಹೇಳಿದೀನಲ್ಲ, ಸುಗುಣ ತಲೆ ತಗ್ಗಿಸಿ, ಹಾಕ್ಕೊಂಡಿದ್ದೆ ಅಮ್ಮ, ಕಂಬಳಿ ಕಿವಿ ಮೇಲೆ ಬಂದ್ರೆ ಏನೂ ಕೇಳಿಸ್ತಿರಲಿಲ್ಲ, ಅದಕ್ಕೆ ತೆಗೆದೆ, ಏನು ಕೇಳಿಸ್ಬೇಕಿತ್ತೇ, ದೇವರು ಏನಾದ್ರೂ ಹೇಳ್ತಾನೋ ಅಂತ, ಹೇಳಿದ್ನಾ, ಇಲ್ಲ, ಮೆದೆಯಿಂದ ಹನಿ ಬೀಳೋದು ಕೇಳಿಸ್ತಿತ್ತು, ಅಷ್ಟೇ, ಆಮೇಲೆ ನಾನೇ ಹೇಳ್ದೆ, ಬೆಳಿಗ್ಗೆ ಅಮ್ಮ ಏನು ಹೇಳ್ತಾಳೋ ಅದನ್ನ ನೀನು ಹೇಳಿದ್ದು ಅಂತ ತಗೋತೀನಿ, ತಗೊಳ್ಳೋ ಹಾಗೆ ಮನಸ್ಸು ಕೊಡು ಅಂತ.

ರಾತ್ರಿಯೆಲ್ಲ ತಲೆಯೆತ್ತಿ, ಅತ್ತ ಇತ್ತ, ಹಣ್ಣಾದ ಹುಳುವಿನ ಹಾಗೆ, ಗೋಡೆಯ ಈಚೆಗೆ ತಾಯಿ ಕಲ್ಲು ನಿದ್ದೆ — ಇವಳು ಅವನನ್ನು ಕೇಳುತ್ತ ನನ್ನ ಬಾಯಿ ಕಾಯುತ್ತಿದ್ದಳು, ನಾನು ಅವನನ್ನು ಕೇಳುತ್ತ ಕಂಬಳಿ ಕಾಯುತ್ತಿದ್ದೆ, ಕಂಬಳಿಯೊಳಗೆ ಇವಳಿದ್ದಳು, ನಡುವೆ ಒಂದು ಮಣ್ಣಿನ ಗೋಡೆ, ಒಂದು ಮಾತು, ಹುಡುಗೀನ ಕೇಳಿದ್ರಾ ಅಂದ ಎಲುಬಿನ ಕೊರಳಿನ ಆ ಸಣ್ಣ ಅಯ್ಯ, ಹಾಗಾದರೆ ದೇವರು ಬರಲೇ ಇಲ್ಲವೇ, ಬೆಳಗಿನ ಜಾವ ಮೊಣಕಾಲೂರಿದ್ದು ಯಾರ ಮುಂದೆ, ನಾಚಿಕೆಗೆ ಕಿವಿ ಬಿಸಿಯಾಗುತ್ತದೆ, ಆದರೆ ಕೈ — ಕೈ ಇನ್ನೂ ನೆತ್ತಿಯ ಮೇಲೇ ಇದೆ, ಒದ್ದೆ ನೆತ್ತಿಯ ಮೇಲೆ, ನೆಂದಿದ್ದರೆ ಕಳಿಸು, ಅಂದಿದ್ದೆ, ಇಬ್ಬನಿ ತಪ್ಪಲಿಲ್ಲವಲ್ಲ, ಸುಮ್ಮನೆ ಬೀಳುವ ಇಬ್ಬನಿ, ಯಾರೂ ಏನೂ ಮಾಡದಿದ್ದರೂ ಬೀಳುವ ಇಬ್ಬನಿ, ಅದು ಕಂಬಳಿಯ ಮೇಲೆ ಬೀಳಲಿಲ್ಲ, ಇವಳ ಮೇಲೆ ಬಿತ್ತು, ರಾತ್ರಿಯಿಡೀ ಇವಳೊಬ್ಬಳ ಮೇಲೆ, ನಾನು ಹರಡಿದ್ದು ಉಣ್ಣೆ, ಅವನು ಹರಡಿದ್ದು ಇವಳನ್ನು, ಗುರುತು ಕೇಳಿದವಳ ಮಡಿಲಲ್ಲೇ ಗುರುತು ಬಂದು ಬೆನ್ನು ಕೊಟ್ಟು ಕೂತಿದೆ, ಮೈ ಮತ್ತೆ ಜುಮ್ಮೆಂದಿತು, ಬೆಳಗಿನದಕ್ಕಿಂತ ಹೆಚ್ಚಾಗಿ, ಇದು ಗುರುತೋ ಅಲ್ಲವೋ ಯಾರಿಗೆ ಗೊತ್ತು, ಅವ್ವನ ಹೂವಿನ ಹಾಗೆ ಇದನ್ನೂ ಮೂರು ಸಲ ತಿರುಗಿಸುತ್ತಿದ್ದೇನೋ ಏನೋ, ಬೇಡ, ಇನ್ನು ಗುರುತು ಬೇಡ, ಒಂದು ಮಾತು ಸಾಕು, ನಿಂಗೇನು ಬೇಕೇ, ಅಂತ ಕೇಳಿಬಿಟ್ಟಳು, ಹದಿನೆಂಟು ವರ್ಷಕ್ಕೆ ಮೊದಲ ಸಲ, ಸುಗುಣ, ಅಮ್ಮಾ ದೇವರು ಬೇಡ ಅಂದ ಅಂದ್ಯಲ್ಲ, ಅಂದಳು, ದೇವರ ವಿಷಯ ಆಮೇಲೆ, ನಿಂಗೇನು ಬೇಕು ಹೇಳು, ನನ್ನ ಮುಖ ನೋಡ್ಬೇಡ, ಗೋಡೆ ನೋಡ್ಕೊಂಡೇ ಹೇಳು — ಹುಡುಗಿ ಗೋಡೆಗೆ ಮುಖ ಮಾಡಿಕೊಂಡೇ ಹೇಳಿದಳು, ಹೋಗ್ಬೇಕು ಅಂತಿದೆ ಅಮ್ಮ, ಅಪ್ಪನ ತುಟಿಗೆ ನೀರು ಬಿಟ್ಟೆನಲ್ಲ, ಅವತ್ತಿಂದ.

ಹೊರಗೆ ಶ್ಯಾಮಲಮ್ಮ ಗಂಜಿಯ ಲೋಟ ಕೆಳಗಿಡುತ್ತಾರೆ, ಕೊಡೆಯ ತುದಿ ಕಲ್ಲಿಗೆ ತಾಗುತ್ತದೆ, ಬರ್ತೀನಿ ಜ್ಞಾನಮ್ಮ, ಹೊತ್ತಾಯ್ತು, ಅನ್ನುತ್ತಾರೆ, ಜ್ಞಾನಮ್ಮ ಹಲ್ಲಲ್ಲಿ ಕಚ್ಚಿದ್ದ ಬಾಚಣಿಗೆಯನ್ನು ತೆಗೆದು ಕೂಗುತ್ತಾಳೆ, ಶ್ಯಾಮಲಮ್ಮನೋರೆ, ಒಂಚೂರು ತಾಳಿ, ಜಡೆ ಬಿಗಿಯಾಗಿ ಹೆಣೀಬೇಕು, ರೈಲಿನ ಗಾಳಿಗೆ ಬಿಚ್ಚಿಕೊಂಡೀತು, ತನ್ನ ದನಿ ತನಗೇ ಬೇರೆಯವರದ್ದು ಅನ್ನಿಸುತ್ತದೆ, ಜಗಲಿಯಲ್ಲಿ ಚಿಕ್ಕಗಂಗಮ್ಮ, ಇದೇನೇ ಮುನ್ಯಲ್ಲೀ, ಈಗ್ತಾನೆ ಮಾಲೂರು ಅಂದೆ, ನಿಮ್ಮ ದೇವ್ರು ಗಳಿಗೆಗೊಂದು ಮಾತಾಡ್ತಾನಾ, ಅನ್ನುತ್ತಾಳೆ, ಅವನಲ್ಲಕ್ಕಾ, ನಾನು, ಅಂತ ಮನಸ್ಸಲ್ಲೇ ಅಂದುಕೊಳ್ಳುತ್ತಾಳೆ, ಹುಳುಮನೆಯಲ್ಲಿ ಸದ್ದು ಪೂರ್ತಿ ನಿಂತಿದೆ, ಎಲ್ಲವೂ ಹಣ್ಣಾಗಿರಬೇಕು, ಬೈತಲೆ ತೆಗೆಯಬೇಕು, ಬಾಚಣಿಗೆಯ ಮೂಲೆಯಿಂದ ನೆತ್ತಿಯ ನಡುವೆ ಗೆರೆ ಎಳೆಯುತ್ತಾಳೆ, ಬಿಳಿಯ ದಾರಿ ತೆರೆದುಕೊಳ್ಳುತ್ತದೆ, ಬಾಚಣಿಗೆಯ ಮುಂದೆ ಮುಂದೆ ನೀರು ಜರುಗುತ್ತದೆ, ಒರೆಸಲು ಸೆರಗೆತ್ತಿದ ಕೈ ಅರ್ಧಕ್ಕೆ ನಿಲ್ಲುತ್ತದೆ, ದಿನವೂ ಒರೆಸುತ್ತಲೇ ಬಂದ ಕೈ, ದಾರಿಯ ಕೊನೆಯಲ್ಲಿ, ಹಣೆ ಶುರುವಾಗುವಲ್ಲಿ, ಒಂದು ಹನಿ, ಎಣ್ಣೆಗೂದಲ ಮೇಲೆ ದುಂಡಗೆ ಎದ್ದು ನಿಂತಿದೆ, ಬಾಗಿಲು, ಜಗಲಿ, ಬಿಳಿ ಸೀರೆ, ಬೆಟ್ಟ, ಎಲ್ಲ ಅದರೊಳಗೆ, ನಡುಗುತ್ತಿದೆ, ಬಲಕ್ಕೂ ಬೀಳದೆ, ಎಡಕ್ಕೂ ಬೀಳದೆ — ಒಂದು ಹನಿ — ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ — ಹನಿ —